ಛತ್ರಿ ಆಟದ ಇಪ್ಪತ್ತೊಂಬತ್ತನೇ ಮನೆ

ಟಿವಿ ಗೇಮ್ ಅನ್ನು ಶಿವಾಜಿನಗರದಿಂದ ತಂದ ದಿನ ನಾನು ಜೊತೆಯಲ್ಲಿರಲಿಲ್ಲ. ಆದರೂ ಆ ಅಂಗಡಿ ನನಗೆ ಸ್ಪಷ್ಟವಾಗಿ ನೆನಪಿದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿ, ಹಳೇ ಟೇಪ್ ರೆಕಾರ್ಡರುಗಳ ರಾಶಿ, ಮೇಲೆ ತೂಗುಹಾಕಿದ ವೈರುಗಳು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಅಂಗಡಿಯವನು. ಅಕ್ಕ ಹೇಳಿದ್ದನ್ನು ಕೇಳಿ ಕೇಳಿ ನಾನೇ ಕಟ್ಟಿಕೊಂಡ ಅಂಗಡಿ ಅದು. ಪೆನ್ಸಿಲ್ ಮಾತ್ರ ಎಲ್ಲಿಂದ ಬಂತೋ ಗೊತ್ತಿಲ್ಲ. ಅಕ್ಕನನ್ನು ಕೇಳಿದರೆ ಅವನ ಕಿವಿ ಟೋಪಿಯೊಳಗಿತ್ತು ಎನ್ನುತ್ತಾಳೆ.

ಕೊಂಡವರು ಇಬ್ಬರು. ಒಬ್ಬಳು ನನ್ನ ಅಕ್ಕ. ಹಲಸೂರಿನ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಇನ್ನೊಬ್ಬಳು ನಮ್ಮ ಮಹಡಿಯ ಶೀಟಿನ ಕೋಣೆಯ ಬಾಡಿಗೆದಾರಳು. ಮದುವೆಯಾಗಿ ಕಲಬುರ್ಗಿ ಕಡೆಯಿಂದ ಬಂದವಳು. ದೊಡ್ಡನೆಕ್ಕುಂದಿಯ ಟೆಲಿಫೋನ್ ಕಾರ್ಖಾನೆಯೊಂದರಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸ. ಗಂಡನಿಗೂ ಆ ಕಡೆಯೇ ಇನ್ನೊಂದು ಕಾರ್ಖಾನೆ. ತೊಂಬತ್ತರ ದಶಕದ ಮಧ್ಯದ ಮಾತು. ಇಬ್ಬರಿಗೂ ಮಕ್ಕಳಿರಲಿಲ್ಲ, ಅಕ್ಕನಿಗೆ ಮದುವೆಯೂ ಆಗಿರಲಿಲ್ಲ.

ಅಂಗಡಿಯವನು ಕೇಳಿದನಂತೆ: "ಬಚ್ಚಾಗೆ ಎಷ್ಟು ವಯಸ್ಸು ಮೇಡಂ?"

ಅಕ್ಕ ತಡವರಿಸಿದಳು. ಬಾಡಿಗೆದಾರಳು ತಕ್ಷಣ ಹೇಳಿದಳು: "ಎಂಟು ವರ್ಷರೀ. ಭಾಳ ಹಟಮಾರಿ."

ಅಲ್ಲಿಂದ ಆ ಎಂಟು ವರ್ಷದ ಮಗ ನಮ್ಮ ಮನೆಯಲ್ಲಿ ಬೆಳೆದ. ಪಕ್ಕದ ಮನೆಯವರು ಸಂಜೆ ಕಿಟಕಿಯಿಂದ ಕೀ ಕೀ ಶಬ್ದ ಕೇಳಿ "ಏನ್ರೀ ಅದು?" ಎಂದರೆ ಅಕ್ಕ, "ನಮ್ಮ ಹುಡುಗ, ಹಟ ಮಾಡ್ತಿದಾನೆ" ಎನ್ನುತ್ತಿದ್ದಳು.

ಆಡುವ ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದು ಅಚ್ಚಾಗಿತ್ತು. ಲೆಕ್ಕದ ಟೀಚರಾದ ಅಕ್ಕ ಎರಡು ಭಾನುವಾರ ಕೂತು ಪರೀಕ್ಷಿಸಿ, ಇರುವುದು ಏಳೇ ಆಟ, ಅವನ್ನೇ ಬೇರೆ ಬೇರೆ ನಂಬರಿನಲ್ಲಿ ತಿರುಗಿಸಿ ತೋರಿಸುತ್ತಿದ್ದಾರೆ ಎಂದು ತೀರ್ಪು ಕೊಟ್ಟಳು. ಏಳರಲ್ಲಿ ಆರನ್ನು ಇಬ್ಬರೂ ಬಿಟ್ಟರು. ಉಳಿದದ್ದು ಒಂದು. ಕೆಂಪು ಲಂಗದ ಚಿಕ್ಕ ಹೆಂಗಸೊಬ್ಬಳು ಛತ್ರಿ ಹಿಡಿದು ಮನೆಯ ಸೂರಿನಿಂದ ಸೂರಿಗೆ ಜಿಗಿಯಬೇಕು. ಗಾಳಿ ತಳ್ಳುತ್ತದೆ, ಕಾಗೆಗಳು ಬೀಳಿಸುತ್ತವೆ. ಆಟದ ಹೆಸರು ಯಾವುದೋ ಅಕ್ಷರದಲ್ಲಿತ್ತು, ಯಾರಿಗೂ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದು ಛತ್ರಿ ಆಟ. ಚೌಕಾಬಾರದಲ್ಲಿ ಹೇಳುವಂತೆ ಒಂದೊಂದು ಹಂತಕ್ಕೆ ಒಂದೊಂದು ಮನೆ ಎಂದು ಹೆಸರಿಟ್ಟರು. ಪರದೆಯ ಮೂಲೆಯಲ್ಲಿ ತೋರಿಸುತ್ತಿದ್ದಂತೆ ಒಟ್ಟು ಮೂವತ್ತೆರಡು ಮನೆ. ಮೂವತ್ತೆರಡೂ ದಾಟಬೇಕು, ಇಬ್ಬರೂ ಸೇರಿಯೇ ದಾಟಬೇಕು, ಒಬ್ಬರಿಲ್ಲದಾಗ ಇನ್ನೊಬ್ಬರು ಮುಟ್ಟಬಾರದು. ಇದು ಅವರ ಕರಾರು.

ಆಡುವ ಕ್ರಮವೂ ಅವರದೇ. ಒಬ್ಬರ ಕೈಯಲ್ಲಿ ರಿಮೋಟು, ಇನ್ನೊಬ್ಬರ ಕೈಯಲ್ಲಿ ನೋಟ್‌ಬುಕ್ಕು. ಬಾಡಿಗೆದಾರಳು ತಲುಪಿದ ಪ್ರತಿ ಮನೆಯ ನಕ್ಷೆಯನ್ನು ರಂಗೋಲಿಯ ಹಾಗೆ ಚುಕ್ಕಿ ಇಟ್ಟು ಬರೆದಿದ್ದಳು. ಎಷ್ಟನೇ ಚುಕ್ಕಿಯ ಮೇಲೆ ಜಿಗಿಯಬೇಕು, ಎಷ್ಟನೇ ಚುಕ್ಕಿಗೆ ಕಾಗೆ ಬರುತ್ತದೆ, ಎಲ್ಲ ಅದರಲ್ಲಿ. ಒಂದು ಜೀವ ಹೋದರೆ ರಿಮೋಟೂ ನೋಟ್‌ಬುಕ್ಕೂ ಅದಲು ಬದಲು.

"ಜಿಗೀರಿ ಅಕ್ಕಾರ, ಈಗ! ಈಗ!"

"ಯಾವ ಈಗ? ಎರಡು ಸಲ ಈಗ ಅಂದ್ಯಲ್ಲೇ!"

"ಮೊದಲ್ನೇದು ತಯಾರಾಗ್ಲಾಕ್ರಿ. ಎರಡನೇದು ಜಿಗಿಲಾಕ."

"ಅದನ್ನ ಮುಂಚೇನೇ ಹೇಳ್ಬೇಕು ತಾನೆ? ಬಿದ್ದೇಬಿಟ್ಳು ನೋಡು."

ಅಡುಗೆಮನೆಯಿಂದ ಅಮ್ಮ: "ಇಬ್ರು ಸೇರಿ ಒಂದು ಛತ್ರಿ ಹಿಡಿಯೋಕಾಗಲ್ವೇನ್ರೇ ನಿಮಗೆ?"

ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಇನ್ನೊಂದು ಪಟ್ಟಿ ಬೆಳೆಯುತ್ತಿತ್ತು. ಪ್ರತಿ ಸಲ ಆಟ ಎಷ್ಟನೇ ಮನೆಯಲ್ಲಿ ಮುಗಿಯಿತು, ಯಾಕೆ ಮುಗಿಯಿತು ಎಂಬ ಪಟ್ಟಿ. 'ಹದಿನಾಲ್ಕು — ಕಾಗೆ. ಹದಿನೇಳು — ಕರೆಂಟ್. ಹನ್ನೊಂದು — ಅಕ್ಕಾರ ಅವಸರ. ಇಪ್ಪತ್ತು — ನನಗೆ ಸೀನು ಬಂತು.' ಕಾರ್ಖಾನೆಯಲ್ಲಿ ಕೆಟ್ಟ ಬೋರ್ಡುಗಳಿಗೆ ಹೀಗೆ ಕಾರಣ ಬರೆದು ಚೀಟಿ ಅಂಟಿಸಬೇಕಂತೆ, ಆ ಅಭ್ಯಾಸ. ಕಾರಣ ಬರೆಯದೆ ಬೋರ್ಡು ಪಕ್ಕಕ್ಕಿಡುವ ಹಾಗಿಲ್ಲ.

ಒಂದು ಬೆಳಿಗ್ಗೆ ನಮ್ಮ ಬಾಗಿಲಿನ ಮುಂದಿನ ರಂಗೋಲಿ ಛತ್ರಿ ಆಟದ ಇಪ್ಪತ್ತೇಳನೇ ಮನೆಯ ನಕ್ಷೆಯಾಗಿತ್ತು ಎಂದು ನನಗೆ ನೆನಪು. ಅಕ್ಕ ಇದನ್ನು ಒಪ್ಪುವುದಿಲ್ಲ. "ರಂಗೋಲಿ ಅಮ್ಮಾನೇ ಹಾಕ್ತಿದ್ದಿದ್ದು. ನೀನು ಯಾವತ್ತು ಎಂಟು ಗಂಟೆಗೆ ಮುಂಚೆ ಎದ್ದಿದ್ದೆ?" ಆ ಸಾಲನ್ನು ಓದುವವರು ಅರ್ಧ ನಂಬಿದರೆ ಸಾಕು.

ನಾನಾಗ ಎಂ.ಎ. ಓದುತ್ತಿದ್ದೆ. ಮನೆಯಲ್ಲಿ ನಡೆಯುವ ಪ್ರತಿಯೊಂದರ ಬಗ್ಗೆಯೂ ನನಗೊಂದು ಅಭಿಪ್ರಾಯವಿತ್ತು. ಟಿವಿ ಗೇಮ್ ಬಗ್ಗೆಯೂ ಇತ್ತು. ಮಾರುಕಟ್ಟೆ ಮನುಷ್ಯರ ಬಿಡುವನ್ನು ಹೇಗೆ ಕದಿಯುತ್ತದೆ ಎಂದೇನೋ. ಹೇಳಲು ಹೋದಾಗ ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: "ನೀನು ಓದೋ ಪುಸ್ತಕದಲ್ಲಿ ಎಷ್ಟು ಮನೆ ದಾಟಿದ್ದೀಯ?"

ಟಿವಿ ಗೇಮಿನ ಪೆಟ್ಟಿಗೆಯಲ್ಲಿ ಒಂದು ಕೊರತೆಯಿತ್ತು. ಆಡಿದ್ದನ್ನು ಅದು ಉಳಿಸಿಕೊಳ್ಳುತ್ತಿರಲಿಲ್ಲ. ಒಮ್ಮೆ ಆರಿಸಿದರೆ ಮತ್ತೆ ಮೊದಲ ಮನೆಯಿಂದ ಶುರು. ನಡುವೆ ಏಳಬೇಕಾದರೆ ಆಟವನ್ನು ನಿಲ್ಲಿಸಿ, ಟಿವಿ ಮಾತ್ರ ಆರಿಸಿ, ಪೆಟ್ಟಿಗೆಯನ್ನು ಹಾಗೇ ಬಿಡಬೇಕು. ಅದರ ಸಣ್ಣ ಕೆಂಪು ದೀಪ ಉರಿಯುತ್ತಿರಬೇಕು. ಅಡಾಪ್ಟರು ಬಿಸಿಯಾಗುತ್ತದೆಂದು ಬಾಡಿಗೆದಾರಳು ಅದರ ಕೆಳಗೆ ಹಿತ್ತಾಳೆ ತಟ್ಟೆ ಇಡುತ್ತಿದ್ದಳು.

ಆ ವರ್ಷ ದಸರಾ ಹೊತ್ತಿಗೆ ಅವಳ ಗಂಡ ಕೆ.ಆರ್.ಪುರದಲ್ಲಿ ಬೇರೆ ಮನೆ ನೋಡಿದ. ಇಬ್ಬರ ಕೆಲಸಕ್ಕೂ ಹತ್ತಿರ. ವಿಜಯದಶಮಿಯ ದಿನ ಹನ್ನೊಂದು ಗಂಟೆಗೆ ಟೆಂಪೋ ಬರುವುದೆಂದು ನಿಶ್ಚಯವಾಯಿತು. ಅಷ್ಟರೊಳಗೆ ಛತ್ರಿ ಹಿಡಿದವಳು ಮೂವತ್ತೆರಡನೇ ಸೂರು ಮುಟ್ಟಬೇಕು. ಇಲ್ಲದಿದ್ದರೆ ಇಲ್ಲ. ಕೆ.ಆರ್.ಪುರದಿಂದ ದೊಮ್ಮಲೂರಿನ ನಮ್ಮ ಮನೆಗೆ ಆಗ ಎರಡು ಬಸ್ಸು. ಶಾಲೆ, ಶಿಫ್ಟು, ಅಡುಗೆ ಎಲ್ಲದರ ನಡುವೆ ಯಾರು ಯಾರ ಮನೆಗೆ ಆಡಲು ಬರುತ್ತಾರೆ?

ಹಬ್ಬದ ಹಿಂದಿನ ಭಾನುವಾರ ಅವರು ಇಪ್ಪತ್ತೊಂಬತ್ತನೇ ಮನೆ ತಲುಪಿದರು. ಹಿಂದೆಂದೂ ಅಷ್ಟು ದೂರ ಹೋಗಿರಲಿಲ್ಲ. ಇನ್ನೂ ಎರಡು ಜೀವ ಉಳಿದಿತ್ತು. ಅಷ್ಟರಲ್ಲಿ ಮನೆಗೆ ನೆಂಟರು ಬಂದರು. ಆಟ ನಿಲ್ಲಿಸಿದರು. ಸೋಮವಾರದಿಂದ ಅವಳಿಗೆ ಎರಡನೇ ಶಿಫ್ಟು. ಕರಾರಿನ ಪ್ರಕಾರ ಅಕ್ಕ ಒಬ್ಬಳೇ ಆಡುವಂತಿರಲಿಲ್ಲ, ಆಡಲಿಲ್ಲ. ಕೆಂಪು ದೀಪ ಹಗಲೂ ರಾತ್ರಿ ಉರಿಯಿತು. ಹಬ್ಬದ ವಾರ ಕರೆಂಟ್ ತೆಗೆಯುವುದಿಲ್ಲವೆಂದು ನಮ್ಮ ಬೀದಿಯಲ್ಲಿ ಎಲ್ಲರೂ ನಂಬಿದ್ದರು. ಆ ವರ್ಷ ನಂಬಿಕೆ ನಿಜವೂ ಆಯಿತು.

ಈಗ ಆಯುಧ ಪೂಜೆಯ ವಿಷಯ. ರಿಂಗ್ ರೋಡ್ ಬರುವ ಮೊದಲು ಆ ಕಡೆ ನಮ್ಮದು ಸೊಪ್ಪಿನ ತೋಟವಿತ್ತು. ತೋಟ ಹೋದರೂ ಗುದ್ದಲಿ, ಕುಡುಗೋಲು, ನೇಗಿಲ ಕುಳ ಮನೆಯಲ್ಲಿ ಉಳಿದಿದ್ದವು. ಆ ದಿನ ಅವನ್ನೆಲ್ಲ ತೊಳೆದು, ಹಾಲ್‌ನಲ್ಲಿ ದೇವರ ಮುಂದೆ ಸಾಲಾಗಿ ಇಡುತ್ತಿದ್ದರು. ಕಾಲಕ್ರಮದಲ್ಲಿ ಸಾಲು ಉದ್ದವಾಯಿತು. ಈಳಿಗೆಮಣೆ, ಹೊಲಿಗೆ ಮೆಷಿನ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಅಕ್ಕನ ಕೆಂಪು ಪೆನ್ನು. ಪೂಜೆಯಾದ ಮೇಲೆ ಮಾರನೇ ಬೆಳಿಗ್ಗೆಯವರೆಗೆ ಯಾವ ಆಯುಧವನ್ನೂ ಬಳಸಬಾರದು. ಅದು ಅವುಗಳ ರಜೆ. ತರಕಾರಿಯನ್ನು ಸಹ ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುತ್ತಿದ್ದರು.

ಮುಂದೆ ನಡೆದದ್ದನ್ನು ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಹೇಳಿಕೊಂಡು ಬಂದೆ. ಆಯುಧಕ್ಕೆ ರಜೆ ಎಂದ ಮೇಲೆ ಉರಿಯುವ ದೀಪ ಇರಕೂಡದು ಎಂದು ಅಮ್ಮ ಟಿವಿ ಗೇಮಿನ ಪ್ಲಗ್ ಕಿತ್ತರು. ವಿಜಯದಶಮಿ ಬೆಳಿಗ್ಗೆ ಎಂಟೂವರೆಗೆ ಇಬ್ಬರೂ ಸ್ನಾನ ಮಾಡಿ, ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಟಿವಿ ಹಾಕಿದರೆ, ಪರದೆಯ ಮೇಲೆ ಇಪ್ಪತ್ತೊಂಬತ್ತನೇ ಮನೆ ಇಲ್ಲ. ಒಂಬತ್ತು ಸಾವಿರ ಆಟಗಳ ಪಟ್ಟಿ. ಅಮ್ಮನೇ ಬಂದು ಹೇಳಿದರು: "ನಾನೇ ತೆಗೆದಿರ್ಬೇಕು ಕಣ್ರೇ, ಪೂಜೆ ಗಲಾಟೇಲಿ." ಸಾಮಾನು ಕಟ್ಟುವುದಿತ್ತು, ಮತ್ತೆ ಮೊದಲ ಮನೆಯಿಂದ ಶುರು ಮಾಡಲು ಹೊತ್ತಿರಲಿಲ್ಲ. ಹನ್ನೊಂದಕ್ಕೆ ಟೆಂಪೋ ಬಂತು. ಅಕ್ಕ ಟಿವಿ ಗೇಮನ್ನು ಹಳೇ ಸೀರೆಯಲ್ಲಿ ಸುತ್ತಿ ಅವಳ ಸಾಮಾನಿನ ಮೇಲಿಟ್ಟಳು. "ತಗೊಂಡ್ಹೋಗು. ಇಲ್ಲಿದ್ರೆ ನಾನು ಒಬ್ಳೇ ಆಡ್ಬಿಡ್ತೀನಿ."

ಈ ಮಾತುಗಳನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅಷ್ಟು ಖಚಿತ.

ನಂಬಿಕೆ ಮತ್ತು ಯಂತ್ರದ ಬಗ್ಗೆ ಮಾತು ಬಂದಾಗಲೆಲ್ಲ ಈ ಕತೆ ನನಗೆ ಅನುಕೂಲವಾಗಿತ್ತು. ಗೆಳೆಯರಿಗೆ ಹೇಳಿದೆ, ಆಮೇಲೆ ಕಾಲೇಜಿನಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿಗಳಿಗೂ ಹೇಳಿದೆ. ಪ್ರತಿ ಸಲ ಚೆನ್ನಾಗಿ ಬರುತ್ತಿತ್ತು. ಅಮ್ಮ ಬದುಕಿದ್ದಾಗಲೂ ಹೇಳಿದೆ, ತೀರಿಕೊಂಡ ಮೇಲೂ ಹೇಳಿದೆ. ಅವರ ಎದುರಿಗೇ ಒಮ್ಮೆ ಹೇಳಿದಾಗ ಅವರು ಅಕ್ಕಿ ಆರಿಸುತ್ತ, "ಹೂಂ, ನಾನೇ" ಎಂದಿದ್ದರು.

ಇನ್ನೊಂದು ನೆನಪನ್ನು ಬೇರೆ ಸಂದರ್ಭಗಳಲ್ಲಿ ಹೇಳುತ್ತಿದ್ದೆ. ಒಂದು ಆಯುಧ ಪೂಜೆಯ ಮಧ್ಯಾಹ್ನ ಲಿಂಗರಾಜಪುರದ ಗೆಳೆಯನ ಕೋಣೆಯಲ್ಲಿ ನಾವು ನಾಲ್ಕೈದು ಮಂದಿ ಚಹಾ ಕುಡಿಯುತ್ತಿದ್ದೆವು. ಹಬ್ಬ ಮಾಡದವರ ಕೂಟ. ನನ್ನ ಬಿಳಿ ಅಂಗಿಯ ಜೇಬಿನ ಹತ್ತಿರ ಕೆಂಪು ಕಲೆಯಿತ್ತು. "ಏನ್ ಗುರು, ರಕ್ತದಾನ ಮಾಡ್ಕೊಂಡ್ ಬಂದ್ಯಾ?" ಎಂದು ಒಬ್ಬ ಕೇಳಿದ. ಕುಂಕುಮ ಎಂದೆ. ದೇವರ ಮುಂದಿನ ಸಾಲಿನಿಂದಲೇ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು, ರಜೆಯ ದಿನವೇ ಅದರಿಂದ ಕೆಲಸ ಮಾಡಿಸಿ, ಆ ಅಂಗಿ ಹಾಕಿಕೊಂಡು ಬಂದಿದ್ದೆ. ಎಲ್ಲರೂ ಮೆಚ್ಚಿದರು. ಚಹಾ ಅವರೇ ಕೊಡಿಸಿದರು.

ಈ ಎರಡು ನೆನಪುಗಳು ಎರಡು ಬೇರೆ ವರ್ಷಗಳವು ಎಂದುಕೊಂಡಿದ್ದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಸಂದರ್ಭ ಬರಲಿಲ್ಲ.

ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಒಂದು ವಿಜಯದಶಮಿಗೆ ಆ ಹಳೇ ಬಾಡಿಗೆದಾರಳು ಅಕ್ಕನಿಗೆ ಫೋನ್ ಮಾಡಿ ಬನ್ನಿ ಎಲೆ ಕೊಡಲು ಕರೆದಳು. ಆ ಸಂಜೆ ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಮಾತಾಡಿಸುವುದು ಅವರ ಕಡೆಯ ಪದ್ಧತಿ. ಅಕ್ಕನಿಗೆ ಮದುವೆಯಾಗಿ ಇಂದಿರಾನಗರದಲ್ಲಿ ಮನೆ. ನಾನೂ ಅಕ್ಕನೂ ನನ್ನ ಸ್ಕೂಟರಿನಲ್ಲಿ ಮಧ್ಯಾಹ್ನವೇ ಹೊರಟು, ಕೆ.ಆರ್.ಪುರದ ತೂಗುಸೇತುವೆ ದಾಟಿ, ವಿಚಾರಿಸಿಕೊಂಡು ಅವಳ ಮನೆ ಸೇರಿದೆವು. ಸ್ವಂತದ ಎರಡು ಕೋಣೆಯ ಮನೆ. ಗೋಡೆಗೆ ಇನ್ನೂ ಸುಣ್ಣದ ವಾಸನೆ. ಗಂಡ ಬನ್ನಿ ತರಲು ಹೋಗಿದ್ದ.

ಹೋಳಿಗೆ ತಿನ್ನುವಾಗ ಹಳೆಯ ಮಾತು ಬಂತು. ನಾನು ನನ್ನ ಕತೆ ಶುರು ಮಾಡಿದೆ. ಅಮ್ಮ ಪ್ಲಗ್ ಕಿತ್ತ ಜಾಗಕ್ಕೆ ಬಂದಾಗ ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಹೋಳಿಗೆ ನೋಡಿದಳು.

"ಅಣ್ಣಾರ, ಅವ್ವಾರ ಹೆಸರು ಯಾಕ ತಗೀತೀರಿ?" ಎಂದಳು ಅವಳು. "ಪಾಪ, ಅವರು ಮುಟ್ಟೇ ಇಲ್ರಿ."

"ಅವರೇ ಹೇಳಿದ್ರಲ್ಲ. ನಾನೇ ಕೇಳಿದೀನಿ."

"ಹೇಳಿದ್ದು ಖರೇರಿ."

ಅವಳು ಎದ್ದು ಒಳಗಿನಿಂದ ನೋಟ್‌ಬುಕ್ ತಂದಳು. ಹಿಂದಿನ ಪುಟ ತೆಗೆದು ನನ್ನ ಮುಂದಿಟ್ಟಳು. ಹದಿನಾಲ್ಕು, ಕಾಗೆ. ಹದಿನೇಳು, ಕರೆಂಟ್. ಪಟ್ಟಿಯ ಕೊನೆಯ ಸಾಲು: 'ಇಪ್ಪತ್ತೊಂಬತ್ತು — ಇಸ್ತ್ರಿ.'

ನಾನು ಎರಡು ಸಲ ಓದಿದೆ. ಇದನ್ನು ಯಾವಾಗ ಬರೆದದ್ದು, ಆಮೇಲೆ ಯಾರಾದರೂ ಸೇರಿಸಿದ್ದೋ ಎಂದು ಕೇಳಿದೆ. ಕೇಳುವುದು ನನ್ನ ಕಸುಬು.

"ಟೆಂಪೋದಾಗ ಕುಂತು ಬರದೀನ್ರಿ. ನೋಡ್ರಿ, ಅಕ್ಷರ ಹೆಂಗ ಕುಣದಾವ."

ಅಕ್ಷರಗಳು ನಿಜಕ್ಕೂ ಕುಣಿದಿದ್ದವು.

ಅಕ್ಕ ಆಗ ಉಳಿದದ್ದನ್ನು ಹೇಳಿದಳು. ಪೂಜೆಯ ದಿನ ದೀಪ ಉರಿಯುತ್ತಿರಬಹುದೋ ಬಾರದೋ ಎಂದು ಅವರಿಬ್ಬರೂ ಮೊದಲೇ ಹೆದರಿ ಹೆದರಿ ಅಮ್ಮನನ್ನು ಕೇಳಿದ್ದರಂತೆ. ಅಮ್ಮ, "ಆಟ ನಿಂತಿದೆ ತಾನೆ? ಕೆಲಸ ಮಾಡ್ತಿಲ್ಲ ತಾನೆ? ಹಾಗಾದ್ರೆ ಅದಕ್ಕೂ ರಜಾನೇ. ಯಾರೂ ಮುಟ್ಬೇಡಿ, ಅಷ್ಟೇ" ಎಂದು ತಾವೇ ಅದಕ್ಕೆ ಕುಂಕುಮ ಇಟ್ಟಿದ್ದರು. ಹಾಲ್‌ನಲ್ಲಿ ಟಿವಿಯದು ಬಿಟ್ಟರೆ ಪ್ಲಗ್ ಹಾಕುವ ಜಾಗ ಒಂದೇ. ಪೂಜೆಯಾದ ಮೇಲೆ ಎಲ್ಲರೂ ಊಟಕ್ಕೆ ಕೂತಾಗ ನಾನು ಅಡಾಪ್ಟರ್ ಕಿತ್ತು, ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಹಾಕಿ, ಅಂಗಿ ಮುಗಿಸಿ, ಅಡಾಪ್ಟರನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಿದ್ದೆ. ಕೆಂಪು ದೀಪ ಮತ್ತೆ ಹತ್ತಿಕೊಂಡಿತ್ತು. ಹಾಗಾಗಿ ಬೆಳಗಿನವರೆಗೆ ಯಾರಿಗೂ ತಿಳಿಯಲಿಲ್ಲ.

"ಇಸ್ತ್ರಿ ಪೆಟ್ಟಿಗೆ ಸಾಲಲ್ಲಿ ಉಲ್ಟಾ ಇತ್ತು, ಕುಂಕುಮ ಅಳಿಸಿತ್ತು" ಎಂದಳು ಅಕ್ಕ. "ನೋಡಿದ ತಕ್ಷಣ ಮೂರೂ ಜನಕ್ಕೂ ಗೊತ್ತಾಯ್ತು."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಅಮ್ಮ ಬೇಡ ಅಂದ್ರು."

"ಯಾಕೆ? ನನಗೆ ಬೇಜಾರಾಗತ್ತೆ ಅಂತಾನಾ?"

ಅಕ್ಕ ನಕ್ಕಳು. "ಬೇಜಾರಾ? 'ಅವನಿಗೆ ಹೇಳಿದ್ರೆ ಎರಡು ಗಂಟೆ ಭಾಷಣ ಶುರು ಮಾಡ್ತಾನೆ, ಟೆಂಪೋ ಬರೋ ಹೊತ್ತು, ನಾನೇ ತೆಗೆದೆ ಅಂತ ಹೇಳಿ ಮುಗಿಸ್ಬಿಡೋಣ' ಅಂದ್ರು."

ನಾನು ಅಮ್ಮನ ಬಗ್ಗೆ ಏನೋ ಹೇಳಲು ಹೊರಟೆ. ಅದೂ ಭಾಷಣದಂತೆ ಕೇಳಿಸಬಹುದೆಂದು ಬಿಟ್ಟೆ. ಇಸ್ತ್ರಿ ಮಾಡಿದ ಆ ಗಳಿಗೆ ನನಗೆ ಇಂದಿಗೂ ನೆನಪಿಗೆ ಬರುವುದಿಲ್ಲ. ಅಂಗಿಯ ಕಲೆ ನೆನಪಿದೆ, ಚಹಾ ನೆನಪಿದೆ, ಗೆಳೆಯರ ನಗು ನೆನಪಿದೆ. ಅಡಾಪ್ಟರನ್ನು ಹಿಡಿದ ಕೈ ನೆನಪಿಲ್ಲ. ಅದು ಬಿಸಿಯಾಗಿದ್ದಿರಬೇಕು, ಮೂರು ದಿನ ಉರಿದಿತ್ತಲ್ಲ.

"ಈಗ ಆ ಪೆಟ್ಟಿಗೆ ಎಲ್ಲಿದೆ?" ಎಂದು ಅಕ್ಕ ಕೇಳಿದಳು.

"ಇಲ್ಲೇ ಅದರಿ. ವರ್ಷಾ ಪೂಜಿ ಮಾಡ್ತೀನಿ. ರಿಮೋಟಿನ ಗುಂಡಿ ಎರಡು ಸಲ ನಾನೇ ಬೆಸುಗೆ ಹಾಕೀನಿ."

"ಮುಗಿಸಿದ್ಯಾ?"

"ಒಬ್ಬಾಕಿನೇ ಹೆಂಗ ಮುಗಸಲಿ? ಕರಾರಿಲ್ಲೇನು?"

ಅಕ್ಕ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಟಿವಿಯ ಮುಂದೆ ನೆಲದ ಮೇಲೆ ಕೂತಳು. ಗಂಟೆ ಎರಡೂ ಮುಕ್ಕಾಲು. ಕ್ಯಾಸೆಟ್ಟಿನ ಬಾಯಿಗೆ ಇಬ್ಬರೂ ಒಬ್ಬರಾದ ಮೇಲೊಬ್ಬರು ಊದಿದರು. ನಾನೂ ಹತ್ತಿರ ಹೋಗಿ ಕೂರಲು ಜಾಗ ನೋಡಿದೆ.

"ನೀನು ಅಲ್ಲೇ ಇರು" ಎಂದಳು ಅಕ್ಕ.

"ಅಣ್ಣಾರ, ಒಂದು ಕೆಲಸ ಮಾಡ್ರಿ" ಎಂದಳು ಮನೆಯವಳು. "ಬಂದವರು ಯಾರರ ಫೋನ್ ಚಾರ್ಜ್ ಅಂತ ಪ್ಲಗ್ ಕಿತ್ತಾರು. ಹಬ್ಬದ ಮನಿ. ಆ ಸ್ವಿಚ್ ಹಂತ್ಯಾಕ ನಿಂದರ್ರಿ. ಯಾರನ್ನೂ ಬಿಡಬ್ಯಾಡ್ರಿ. ನೀವೂ ಮುಟ್ಟಬ್ಯಾಡ್ರಿ."

ನಿಂತೆ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಬನ್ನಿ ಕೊಡಲು ಬಂದವರು ನನ್ನನ್ನು ದಾಟಿ ಒಳಗೆ ಹೋದರು, ನನ್ನ ಕೈಗೂ ಎಲೆ ಕೊಟ್ಟರು. ಅವಳ ಗಂಡ ಬಂದು ನಿಜಕ್ಕೂ ಫೋನಿನ ವೈರ್ ಹಿಡಿದುಕೊಂಡು ಹತ್ತಿರ ಬಂದ. ಅಡ್ಡ ಕೈ ಹಿಡಿದೆ. "ಏನಾಯ್ತ್ರಿ ಅಣ್ಣಾರ?" ಎಂದ. ಹೆಂಡತಿಯನ್ನು ತೋರಿಸಿದೆ. ಅವನಿಗೆ ಅರ್ಥವಾಯಿತು, ಅಡುಗೆಮನೆಗೆ ಹೋದ. ಬೆನ್ನ ಹಿಂದೆ ಮಾತು ಕೇಳುತ್ತಲೇ ಇತ್ತು.

"ಹದಿಮೂರನೇ ಚುಕ್ಕಿ, ಅಕ್ಕಾರ. ಕಾಗಿ ಬರ್ತದ."

"ಗೊತ್ತು ಕಣೇ."

"ಗೊತ್ತಿದ್ದೇ ಬೀಳ್ತೀರಿ ನೀವು."

ಹತ್ತೊಂಬತ್ತರಲ್ಲಿ ಒಂದು ಜೀವ ಹೋಯಿತು. ಇಪ್ಪತ್ತೇಳರಲ್ಲಿ ಇನ್ನೊಂದು. ಇಪ್ಪತ್ತೊಂಬತ್ತು ಬಂತು. ಬರೆದಿದ್ದ ನಕ್ಷೆ ಅಲ್ಲಿಗೆ ಕೊನೆ. ಮುಂದಿನ ಮೂರು ಮನೆಗೆ ಚುಕ್ಕಿ ಇರಲಿಲ್ಲ. ಆಮೇಲೆ ಬಹಳ ಹೊತ್ತು ಗುಂಡಿ ಒತ್ತುವ ಶಬ್ದ ಮಾತ್ರ. ಒಮ್ಮೆ "ಈಗ" ಎಂದು ಯಾರೋ ಅಂದರು, ಒಂದೇ ಸಲ. ಒಂದು ಹೊಸ ರಾಗ ಕೇಳಿತು, ಹಿಂದೆಂದೂ ಆ ಪೆಟ್ಟಿಗೆಯಿಂದ ಕೇಳದ ರಾಗ. ಅದು ನಿಂತ ಮೇಲೆ ಪೆನ್ನಿನ ಸದ್ದು.

ಹೊರಡುವಾಗ ನೋಟ್‌ಬುಕ್ ನೋಡಲು ಬಿಟ್ಟರು. ಇಸ್ತ್ರಿಯ ಕೆಳಗೆ ಅಕ್ಕನ ದುಂಡು ಅಕ್ಷರದಲ್ಲಿ: 'ಮೂವತ್ತೆರಡು — ಮುಗೀತು.' ಕಾರಣದ ಜಾಗದಲ್ಲಿ ಬೇರೇನೂ ಇರಲಿಲ್ಲ.

ಕೊನೆಯ ಸೂರಿನ ಮೇಲೆ ಏನಾಯಿತು ಎಂದು ದಾರಿಯಲ್ಲಿ ಅಕ್ಕನನ್ನು ಕೇಳಿದೆ. ಕೆಂಪು ಲಂಗದವಳು ಛತ್ರಿ ಮಡಚಿ ಕೂತುಕೊಂಡಳು ಎಂದಳು. ಮುಂದೊಮ್ಮೆ ಅವಳ ಗೆಳತಿಯನ್ನು ಫೋನಿನಲ್ಲಿ ಕೇಳಿದೆ. ಇಲ್ಲ, ಕೂರಲಿಲ್ಲ, ಈ ಕಡೆ ತಿರುಗಿ ಕೈ ಬೀಸಿದಳು ಎಂದಳು. ಇಬ್ಬರೂ ಈ ಬಗ್ಗೆ ಇನ್ನೂ ಜಗಳವಾಡುತ್ತಾರೆ, ನನ್ನನ್ನು ಸಾಕ್ಷಿಗೆ ಕರೆಯುವುದಿಲ್ಲ. ನಾನು ಅದೇ ಕೋಣೆಯಲ್ಲಿ, ಎಂಟು ಅಡಿ ದೂರದಲ್ಲಿದ್ದೆ. ಇಡೀ ಹೊತ್ತು ಸ್ವಿಚ್ ನೋಡುತ್ತಿದ್ದೆ. ಅದನ್ನು ಯಾರೂ ಮುಟ್ಟಲಿಲ್ಲ.